ಹಿರಿಯರಲ್ಲಿ ಬೀಳುವಿಕೆ ಮತ್ತು ಅದರ ತಡೆ

ಹಿರಿಯರಲ್ಲಿ ಬೀಳುವಿಕೆ ಎಂಬುದು ವಯಸ್ಸಾದ ವ್ಯಕ್ತಿಯು ತನ್ನ ಇಚ್ಛೆಯಿಲ್ಲದೆ ನೆಲಕ್ಕೆ ಅಥವಾ ತಾನಿದ್ದುದಕ್ಕಿಂತ ಕೆಳಗಿನ ಮಟ್ಟಕ್ಕೆ ಬಂದು ಸೇರುವ ಘಟನೆ. ಇದು ಮುಪ್ಪಿನ ಸಹಜ ಲಕ್ಷಣವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 1980ರ ದಶಕದಿಂದ ನಡೆದಿರುವ ಸಂಶೋಧನೆಯು ಬೀಳುವಿಕೆಗೆ ಗುರುತಿಸಬಹುದಾದ ಕಾರಣಗಳಿವೆಯೆಂದೂ, ಅವುಗಳಲ್ಲಿ ಹಲವನ್ನು ಸರಿಪಡಿಸಬಹುದೆಂದೂ ತೋರಿಸಿದೆ. ಸಮತೋಲನ ಮತ್ತು ನಡಿಗೆಯ ಅಧ್ಯಯನ ಈ ಸಂಶೋಧನೆಯ ಮುಖ್ಯ ಭಾಗ.

ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನರು ಬಿದ್ದು ಸಾವಿಗೀಡಾಗುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಈ ಸಾವುಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆ. 65 ವರ್ಷ ಮೀರಿದವರಲ್ಲಿ ಶೇ. 28ರಿಂದ 35ರಷ್ಟು ಮಂದಿ ಪ್ರತಿವರ್ಷ ಒಮ್ಮೆಯಾದರೂ ಬೀಳುತ್ತಾರೆಂದು ಇದೇ ಸಂಸ್ಥೆಯ 2007ರ ವರದಿ ತಿಳಿಸಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರು ಸುಮಾರು ಶೇ. 9.5. ಇದು ಆಗಿನ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು. ದುಡಿಯುವ ವಯಸ್ಸಿನ ಮಕ್ಕಳು ನಗರಗಳಿಗೆ ಹೋಗಿ, ಹಳ್ಳಿಯ ಮನೆಗಳಲ್ಲಿ ವೃದ್ಧರು ಮಾತ್ರ ಉಳಿಯುವುದರಿಂದ ಈ ವಿಷಯಕ್ಕೆ ಸಾಮಾಜಿಕ ಮಹತ್ವವೂ ಇದೆ.

ಸಮತೋಲನ ಮತ್ತು ನಡಿಗೆಯ ಸ್ವರೂಪ

ನೆಟ್ಟಗೆ ನಿಲ್ಲಲು ದೇಹವು ಮೂರು ಮೂಲಗಳಿಂದ ಮಾಹಿತಿ ಪಡೆಯುತ್ತದೆ: ಕಣ್ಣು, ಒಳಕಿವಿಯ ಸಮತೋಲನ ಅಂಗ, ಹಾಗೂ ಪಾದ, ಕೀಲು ಮತ್ತು ಸ್ನಾಯುಗಳ ಸಂವೇದನೆ. ಮಿದುಳು ಇವನ್ನು ಹೊಂದಿಸಿ ಸ್ನಾಯುಗಳಿಗೆ ಆದೇಶ ನೀಡುತ್ತದೆ. ಒಂದು ಮೂಲ ದುರ್ಬಲವಾದರೆ ಉಳಿದವು ಅದರ ಕೊರತೆಯನ್ನು ತುಂಬುತ್ತವೆ. ಮಧುಮೇಹದಿಂದ ಪಾದದ ಸ್ಪರ್ಶ ಕುಗ್ಗಿದವರು ಹಗಲಿನಲ್ಲಿ ಕಣ್ಣಿನ ನೆರವಿನಿಂದ ಸರಾಗವಾಗಿ ನಡೆದರೂ, ವಿದ್ಯುತ್ ಹೋದ ಕತ್ತಲೆಯಲ್ಲಿ ತಡವರಿಸುವುದು ಇದೇ ಕಾರಣಕ್ಕೆ.

ನಡೆಯುವಾಗ ದೇಹದ ಭಾರ ಹೆಚ್ಚಿನ ಹೊತ್ತು ಒಂದೇ ಕಾಲಿನ ಮೇಲಿರುತ್ತದೆ. ಮುಂದಕ್ಕೆ ಚಲಿಸುವ ಕಾಲಿನ ಹೆಬ್ಬೆರಳು ನೆಲದಿಂದ ಕೇವಲ 1–2 ಸೆಂಟಿಮೀಟರ್ ಎತ್ತರದಲ್ಲಿ ಸಾಗುತ್ತದೆ. ಆದ್ದರಿಂದ ಸಣ್ಣ ಉಬ್ಬು, ಮಡಿಚಿದ ಚಾಪೆ ಅಥವಾ ಹೊಸ್ತಿಲು ಎಡವಲು ಸಾಕು. ಯುವಕರು ಎಡವಿದ ಕ್ಷಣದಲ್ಲೇ ಇನ್ನೊಂದು ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳುತ್ತಾರೆ. ತೊಡೆ ಮತ್ತು ಮೀನಖಂಡದ ಬಲ ಕುಗ್ಗಿದ, ಪ್ರತಿಕ್ರಿಯೆ ನಿಧಾನವಾದ ವೃದ್ಧರಲ್ಲಿ ಆ ಹೆಜ್ಜೆ ತಡವಾಗುತ್ತದೆ.

ನಡಿಗೆಗೆ ಗಮನವೂ ಬೇಕು. ಸ್ವೀಡನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 58 ವೃದ್ಧರನ್ನು ನಡೆಯುತ್ತಿರುವಾಗ ಮಾತನಾಡಿಸಲಾಯಿತು. ಮಾತು ಆರಂಭವಾದೊಡನೆ ನಡಿಗೆ ನಿಲ್ಲಿಸಿದವರು 12 ಮಂದಿ. ಅವರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಯಾವ ಉಪಕರಣವೂ ಬೇಡದ ಈ ಗಮನಿಕೆಯನ್ನು ಮನೆಯವರೂ ಮಾಡಬಹುದು.

ಅಪಾಯದ ಅಂಶಗಳು

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 75 ವರ್ಷ ಮೀರಿದ 336 ಜನರನ್ನು ಒಂದು ವರ್ಷ ಅಧ್ಯಯನ ಮಾಡಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ರೆ ಬರಿಸುವ ಔಷಧಿ, ಅರಿವಿನ ಕುಂದು, ಕಾಲುಗಳ ದೌರ್ಬಲ್ಯ, ನಡಿಗೆ ಮತ್ತು ಸಮತೋಲನದ ದೋಷ, ಪಾದದ ತೊಂದರೆ ಮುಂತಾದ ಅಂಶಗಳಲ್ಲಿ ಒಂದೂ ಇಲ್ಲದವರಲ್ಲಿ ಬೀಳುವ ಸಂಭವ ಶೇ. 8 ಇದ್ದರೆ, ನಾಲ್ಕು ಅಥವಾ ಹೆಚ್ಚು ಅಂಶಗಳಿದ್ದವರಲ್ಲಿ ಅದು ಶೇ. 78ಕ್ಕೆ ಏರಿತ್ತು. ಅಂದರೆ ಬೀಳುವಿಕೆಗೆ ಸಾಮಾನ್ಯವಾಗಿ ಒಂದೇ ಕಾರಣವಿರುವುದಿಲ್ಲ. ಕಾರಣಗಳು ಒಂದರ ಮೇಲೊಂದು ಕೂಡುತ್ತವೆ. ಕೂಡಿದ್ದನ್ನು ಕಳೆಯಲೂ ಬಹುದು ಎಂಬುದು ತಡೆಯ ಕುರಿತ ಮುಂದಿನ ಸಂಶೋಧನೆಗೆ ಆಧಾರವಾಯಿತು.

ಹಿಂದೆ ಒಮ್ಮೆ ಬಿದ್ದಿರುವುದು ಮತ್ತೊಮ್ಮೆ ಬೀಳುವ ಪ್ರಬಲ ಸೂಚನೆ. ಕಣ್ಣಿನ ಪೊರೆ, ಎದ್ದು ನಿಂತೊಡನೆ ರಕ್ತದೊತ್ತಡ ಕುಸಿಯುವುದು, ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಮಂಡಿನೋವು, ಹಲವು ಔಷಧಿಗಳ ಏಕಕಾಲದ ಸೇವನೆ ಇತರ ಮುಖ್ಯ ಅಂಶಗಳು. ಬಿದ್ದೇನೆಂಬ ಭಯವೂ ಒಂದು ಅಂಶವೇ. ಭಯದಿಂದ ಓಡಾಟ ಬಿಟ್ಟವರ ಕಾಲಿನ ಬಲ ಮತ್ತಷ್ಟು ಕುಗ್ಗಿ ಬೀಳುವ ಸಂಭವ ಹೆಚ್ಚುತ್ತದೆ.

ಪರೀಕ್ಷೆಗಳು

ಎದ್ದು ನಡೆಯುವ ಪರೀಕ್ಷೆಯನ್ನು 1986ರಲ್ಲಿ ಮಥಾಯಸ್, ನಾಯಕ್ ಮತ್ತು ಐಸಾಕ್ಸ್ ರೂಪಿಸಿದರು. ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ 1991ರಲ್ಲಿ ಅದಕ್ಕೆ ಸಮಯದ ಅಳತೆಯನ್ನು ಸೇರಿಸಿದರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಲು ತಗಲುವ ಸೆಕೆಂಡುಗಳನ್ನು ಇದರಲ್ಲಿ ಎಣಿಸಲಾಗುತ್ತದೆ. ಬರ್ಗ್ ಸಮತೋಲನ ಮಾಪನದಲ್ಲಿ 14 ಚಟುವಟಿಕೆಗಳಿಗೆ ಒಟ್ಟು 56 ಅಂಕಗಳಿವೆ. 2022ರ ಜಾಗತಿಕ ಮಾರ್ಗಸೂಚಿಯು ನಡಿಗೆಯ ವೇಗ ಸೆಕೆಂಡಿಗೆ 0.8 ಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ಎದ್ದು ನಡೆಯುವ ಪರೀಕ್ಷೆಗೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಪಾಯದ ಗುರುತೆಂದು ಪರಿಗಣಿಸುತ್ತದೆ. ಗಡಿಯಾರ, ಕುರ್ಚಿ ಮತ್ತು ಅಳತೆಪಟ್ಟಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದನ್ನು ನಡೆಸಬಹುದು.

ತಡೆಯ ಕುರಿತ ಸಂಶೋಧನೆ

ವ್ಯಾಯಾಮ: ತಡೆಯ ಉಪಾಯಗಳಲ್ಲಿ ಅತಿ ಗಟ್ಟಿಯಾದ ಆಧಾರವಿರುವುದು ಇದಕ್ಕೇ. 2019ರ ಕಾಕ್ರೇನ್ ವಿಮರ್ಶೆಯು 25 ದೇಶಗಳ 108 ಪ್ರಯೋಗಗಳನ್ನು ಪರಿಶೀಲಿಸಿ, ವ್ಯಾಯಾಮವು ಬೀಳುವಿಕೆಯ ಪ್ರಮಾಣವನ್ನು ಶೇ. 23ರಷ್ಟು ತಗ್ಗಿಸುತ್ತದೆಂದು ಕಂಡಿತು. ಫಲ ನೀಡುವುದು ಸಮತೋಲನಕ್ಕೆ ಸವಾಲೊಡ್ಡುವ ವ್ಯಾಯಾಮ: ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಒಟಾಗೊ ವ್ಯಾಯಾಮ ಕ್ರಮವು ಮನೆಯಲ್ಲಿಯೇ ಮಾಡುವಂಥದು. ಆಸ್ಟ್ರೇಲಿಯಾದಲ್ಲಿ 70 ವರ್ಷ ಮೀರಿದ 317 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಬಗೆಯ ಚಲನೆಗಳನ್ನು ದಿನದ ಮನೆಗೆಲಸದೊಳಗೆ ಬೆರೆಸಿದಾಗ ಬೀಳುವಿಕೆ ಶೇ. 31ರಷ್ಟು ಕಡಿಮೆಯಾಯಿತು.

ಔಷಧಿ ಮತ್ತು ಕಣ್ಣು: ನಿದ್ರೆ ಹಾಗೂ ಮನೋರೋಗದ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಕ್ರಮೇಣ ಕಡಿಮೆ ಮಾಡಿದ 1999ರ ನ್ಯೂಜಿಲೆಂಡ್ ಪ್ರಯೋಗದಲ್ಲಿ ಬೀಳುವಿಕೆ ಶೇ. 66ರಷ್ಟು ತಗ್ಗಿತು. ಮೊದಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ತಡಮಾಡದೆ ನಡೆಸಿದ ಇಂಗ್ಲೆಂಡಿನ 2005ರ ಪ್ರಯೋಗದಲ್ಲಿ ಅದು ಶೇ. 34ರಷ್ಟು ಕಡಿಮೆಯಾಯಿತು.

ಬಹುಮುಖ ಕ್ರಮ: ಟಿನೆಟ್ಟಿ ತಂಡದ 1994ರ ಪ್ರಯೋಗದಲ್ಲಿ ಪ್ರತಿಯೊಬ್ಬರ ಅಪಾಯಗಳನ್ನು ಗುರುತಿಸಿ ಸರಿಪಡಿಸಿದಾಗ ಬಿದ್ದವರ ಪಾಲು ಒಂದು ವರ್ಷದಲ್ಲಿ ಶೇ. 35, ಹೋಲಿಕೆಯ ಗುಂಪಿನಲ್ಲಿ ಶೇ. 47.

ಎಲ್ಲ ಪ್ರಯತ್ನಗಳೂ ಫಲಿಸಿಲ್ಲ. ವರ್ಷಕ್ಕೊಮ್ಮೆ ವಿಟಮಿನ್ ಡಿ ಯನ್ನು ಭಾರಿ ಪ್ರಮಾಣದಲ್ಲಿ ನೀಡಿದ 2010ರ ಆಸ್ಟ್ರೇಲಿಯಾ ಪ್ರಯೋಗದಲ್ಲಿ ಬೀಳುವಿಕೆ ಹೆಚ್ಚಿತು. ಅಮೆರಿಕದಲ್ಲಿ 5,451 ಮಂದಿಯನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಬಹುಮುಖ ಪ್ರಯೋಗವು ಗಂಭೀರ ಗಾಯಗಳನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಸಲಹೆಯ ಪಟ್ಟಿ ಕೊಟ್ಟರೆ ಸಾಲದು, ಅದು ನಿತ್ಯದ ರೂಢಿಯಾಗಬೇಕು ಎಂಬ ಅಭಿಪ್ರಾಯಕ್ಕೆ ಇಂತಹ ಫಲಿತಾಂಶಗಳು ಎಡೆಮಾಡಿವೆ.

ಭಾರತ ಮತ್ತು ಕರ್ನಾಟಕದಲ್ಲಿ

ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017–18ರಲ್ಲಿ ನಡೆಸಿದ ಭಾರತೀಯ ವೃದ್ಧಾಪ್ಯ ಸಮೀಕ್ಷೆಯ ಮೊದಲ ಸುತ್ತು 45 ವರ್ಷ ಮೀರಿದವರು ಹಾಗೂ ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ಅದರಲ್ಲಿ ಬೀಳುವಿಕೆಯ ಬಗ್ಗೆ ಪ್ರಶ್ನೆಗಳಿದ್ದವು; ನಡಿಗೆಯ ವೇಗ ಮತ್ತು ಕೈಹಿಡಿತದ ಬಲವನ್ನೂ ಅಳೆಯಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಗ್ರಾಮೀಣ ಜನರ ಮಿದುಳಿನ ಮುಪ್ಪನ್ನು ಕುರಿತು ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ವೃದ್ಧರ ವಾರ್ಡು ಮತ್ತು ಅದಕ್ಕಿಂತ ಕೆಳಗಿನ ಹಂತಗಳಲ್ಲಿ ವೃದ್ಧರ ಚಿಕಿತ್ಸಾಲಯ ಅದರ ಗುರಿಗಳಲ್ಲಿ ಸೇರಿವೆ.

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳ ಹಿನ್ನೆಲೆ

ಮೇಲಿನ ಪ್ರಯೋಗಗಳು ಬಹುಪಾಲು ಕುರ್ಚಿ, ಮಂಚ, ಮೆಟ್ಟಿಲುಗಳ ಮನೆಗಳಲ್ಲಿ ನಡೆದಂಥವು. ಕನ್ನಡನಾಡಿನ ಹಳ್ಳಿಯ ಬದುಕು ನೆಲಕ್ಕೆ ಹತ್ತಿರವಾದುದು: ನೆಲದ ಮೇಲೆ ಊಟ ಮತ್ತು ನಿದ್ರೆ, ಕುಕ್ಕರಗಾಲಿನಲ್ಲಿ ಶೌಚ, ಹಿತ್ತಲಲ್ಲಿ ಬಚ್ಚಲು. ನೆಲದಿಂದ ಏಳುವ ರೂಢಿ ಕಾಲಿನ ಬಲವನ್ನು ಉಳಿಸಲು ನೆರವಾಗುತ್ತದೆ. ಆ ಬಲ ಕುಗ್ಗಿದ ಮೇಲೆ ಅದೇ ಕ್ರಿಯೆ ಅಪಾಯದ ಗಳಿಗೆಯಾಗುತ್ತದೆ.

1997ರ ಆಗಸ್ಟ್ 15ರಂದು ರಚನೆಯಾದ ದಾವಣಗೆರೆ ಜಿಲ್ಲೆಯಲ್ಲಿ ಈ ಅಪಾಯಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆಯಾಗುತ್ತವೆ. ಚನ್ನಗಿರಿಯು ಅಡಿಕೆಯ ನಾಡು. ತೋಟದ ಬಸಿಗಾಲುವೆ, ಒದ್ದೆ ಮಣ್ಣು, ಉದುರಿದ ಸೋಗೆ ಮತ್ತು ಜಾರುವ ಹಾಳೆಗಳ ನಡುವೆ ಹಿರಿಯರು ಕೊನೆಯವರೆಗೂ ಓಡಾಡುತ್ತಾರೆ. ಹೊನ್ನಾಳಿ ಮತ್ತು ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ನೀರಾವರಿ ಭಾಗಗಳಲ್ಲಿ ಗದ್ದೆಯ ಕಿರಿದಾದ ಬದು ಮತ್ತು ಪಾಚಿಗಟ್ಟಿದ ಕಾಲುವೆಯ ಮೆಟ್ಟಿಲುಗಳಿವೆ. ಜಗಳೂರು ಮಳೆಯಾಶ್ರಿತ ಬಯಲುಸೀಮೆ. ಬಿಸಿಲಿನಲ್ಲಿ ದೇಹದ ನೀರು ಕಡಿಮೆಯಾದರೆ ಎದ್ದು ನಿಂತಾಗ ತಲೆಸುತ್ತು ಬರುವ ಸಂಭವ ಹೆಚ್ಚು. ಆ ತಾಲ್ಲೂಕಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ದೀರ್ಘಕಾಲ ಅಂತಹ ನೀರು ಕುಡಿದವರಲ್ಲಿ ಕಾಣಿಸಿಕೊಳ್ಳುವ ಮೂಳೆಯ ಫ್ಲೋರೋಸಿಸ್ ಬೆನ್ನು ಮತ್ತು ಕೀಲುಗಳನ್ನು ಬಿಗಿಗೊಳಿಸಿ ನಡಿಗೆಯನ್ನು ಕೆಡಿಸುತ್ತದೆ. ಅಲ್ಲಿ ಶುದ್ಧ ಕುಡಿಯುವ ನೀರು ಪೂರೈಸುವುದೂ ನಡಿಗೆಯನ್ನು ಕಾಪಾಡುವ ಕ್ರಮವೇ.

ಮನೆಯಲ್ಲಿ ಮಾಡಬಹುದಾದ ಬದಲಾವಣೆಗಳು ಹೆಚ್ಚು ಖರ್ಚಿನವಲ್ಲ: ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಕಂಬಿ, ಪಾಚಿ ತೆಗೆದ ಒರಟು ನೆಲ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ, ಹಿತ್ತಲ ದಾರಿಗೆ ದೀಪ, ಹಾಸಿಗೆಯ ಬಳಿ ಟಾರ್ಚು, ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಯನ್ನು ಹಿಡಿಯುವ ಪಾದರಕ್ಷೆ, ಎತ್ತರಕ್ಕೆ ಸರಿಹೊಂದುವ, ತುದಿಗೆ ರಬ್ಬರ್ ಇರುವ ಊರುಗೋಲು.

ಬಿದ್ದ ನಂತರ

ಬಿದ್ದವರನ್ನು ಒಮ್ಮೆಲೇ ಎಳೆದು ಎಬ್ಬಿಸಬಾರದು. ತೊಡೆಸಂದಿಯಲ್ಲಿ ನೋವಿದ್ದು, ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಮೇಲ್ತುದಿ ಮುರಿದಿರುವ ಸಂಭವವಿದೆ. ಆಗ ಎಣ್ಣೆ ತಿಕ್ಕುವುದಾಗಲಿ ನಡೆಸಿ ನೋಡುವುದಾಗಲಿ ಸಲ್ಲದು. 108 ಆಂಬುಲೆನ್ಸ್ ಕರೆಯಬೇಕು. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿದ್ದರೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸುವುದು ಅಗತ್ಯ. ಚನ್ನಗಿರಿ, ಹೊನ್ನಾಳಿ ಮತ್ತು ಜಗಳೂರಿನಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿವೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹೊನ್ನಾಳಿ ಮತ್ತು ನ್ಯಾಮತಿಯವರಿಗೆ ಶಿವಮೊಗ್ಗವೂ ಸಮೀಪ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ವರ್ಷ ಮೀರಿದವರ ಕುರಿತು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿದ್ದವರ ಪೈಕಿ ಶೇ. 80ರಷ್ಟು ಮಂದಿ ಒಮ್ಮೆಯಾದರೂ ತಾವಾಗಿ ಏಳಲಾರದೆ ಹೋಗಿದ್ದರು, ಶೇ. 30ರಷ್ಟು ಮಂದಿ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ನೆಲದ ಮೇಲೆಯೇ ಇದ್ದರು. ಒಂಟಿಯಾಗಿ ವಾಸಿಸುವ ಹಿರಿಯರಿಗೆ ಕೊರಳಲ್ಲಿ ಮೊಬೈಲ್ ಇಟ್ಟುಕೊಳ್ಳುವುದು, ನೆರೆಯವರು ಬೆಳಿಗ್ಗೆ ಸಂಜೆ ವಿಚಾರಿಸುವುದು ಇದಕ್ಕೆ ಸುಲಭ ಪರಿಹಾರಗಳು. ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.

ಮನೆಯವರಿಗೆ ಹೊರೆಯಾದೇವೆಂಬ ಸಂಕೋಚದಿಂದ, ಓಡಾಟಕ್ಕೆ ತಡೆ ಬಿದ್ದೀತೆಂಬ ಅಂಜಿಕೆಯಿಂದ ಅನೇಕ ಹಿರಿಯರು ಬಿದ್ದ ಸಂಗತಿಯನ್ನು ಹೇಳುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ವೈದ್ಯರು ತಾವಾಗಿಯೇ ಈ ಬಗ್ಗೆ ಕೇಳಬೇಕೆಂದು 2022ರ ಮಾರ್ಗಸೂಚಿ ಸೂಚಿಸುತ್ತದೆ. ಗಾಯವಾಗದ ಬೀಳುವಿಕೆಯೂ ಮುಂದಿನ ಗಾಯದ ಮುನ್ಸೂಚನೆಯಾಗಿರಬಹುದಾದ ಕಾರಣ, ಅದನ್ನು ತಿಳಿಸುವುದು ತಡೆಯ ಮೊದಲ ಹೆಜ್ಜೆ.