ಪ್ರತಿಕಾಯ

ರಾಮನಾಥಪುರದ ಸುಬ್ರಹ್ಮಣ್ಯ ಷಷ್ಠಿಯ ಜಾತ್ರೆಗೆ ಕಾವೇರಿಯ ದಡದಲ್ಲಿ ಎತ್ತುಗಳನ್ನು ಕಟ್ಟುವ ಒಕ್ಕಲಿಗನಿಗೆ ಕಾಲುಬಾಯಿ ಜ್ವರದ ಭಯವು ಹೊಸದಲ್ಲ. ಆ ರೋಗದ ವೈರಸ್ಸಿಗೆ ಸೇರಿದ ಪ್ರೋಟೀನನ್ನು ಪಶುವೈದ್ಯ ಪ್ರಯೋಗಾಲಯದಲ್ಲಿ ಹಿಡಿದು ತೋರಿಸುವ ಎಲೈಸಾ ಪರೀಕ್ಷೆಗೆ ಆಧಾರವಾದುದು, ತಾನೂ ಒಂದು ಪ್ರೋಟೀನೇ ಆಗಿರುವ ಪ್ರತಿಕಾಯ.

ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಖ್ 1891ರಲ್ಲಿ ಬಳಸಿದ ‘ಆಂಟಿಕೋರ್ಪರ್’ ಎಂಬ ಪದದ ಅರ್ಥವನ್ನು ಈ ಹೆಸರು ಯಥಾವತ್ತಾಗಿ ಹೊತ್ತಿದೆಯಾದರೂ ಪದವೇನೂ ನವಸೃಷ್ಟಿಯಲ್ಲ. ಸಂಸ್ಕೃತ ನಿಘಂಟುಗಳಲ್ಲಿ ಪ್ರತಿಕಾಯಕ್ಕೆ ಎದುರಾಳಿ, ಗುರಿ, ಪ್ರತಿಕೃತಿ ಎಂಬ ಅರ್ಥಗಳುಂಟು. ಕಾಯವೋ, ಕೂಡಿಸು ಎಂಬರ್ಥದ ‘ಚಿ’ ಧಾತುವಿನಿಂದ ನಿಷ್ಪನ್ನವಾದುದು. ಅಮೈನೋ ಆಮ್ಲಗಳು ಕೂಡಿ ಆದ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ದುರ್ಲಭ!

1975ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೀನರು ಇಲಿಯ ಪ್ರತಿಕಾಯಜನಕ ಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ಪಡೆದರು. ಇದೇ ಏಕತದ್ರೂಪಿ ಪ್ರತಿಕಾಯ. ಆದರೆ ಅಂಥ ಬೆಸುಗೆಯ ಕೋಶಗಳು ಕಾಲಾಂತರದಲ್ಲಿ ಪ್ರತಿಕಾಯದ ಜೀನುಗಳನ್ನು ಕಳೆದುಕೊಳ್ಳಲೂಬಹುದಾದ್ದರಿಂದ, ಆ ಜೀನುಗಳ ಅನುಕ್ರಮವನ್ನೇ ಓದಿಟ್ಟು ಬೇರೊಂದು ಕೋಶದಲ್ಲಿ ಸೇರಿಸಿ ಬೇಕಾದಾಗ ಉತ್ಪಾದಿಸುವ ಕ್ರಮವು ಬಂದಿತು. ಹಾಗೆ ಪಡೆದುದು ‘ಪುನಸ್ಸಂಯೋಜಿತ’ವೆನಿಸುತ್ತದೆ. ಪರೀಕ್ಷೆಯ ಫಲವು ಇಂದಿಗೂ ಮುಂದಿನ ವರ್ಷಕ್ಕೂ ಒಂದೇ ಆಗಿರಬೇಕೆನ್ನುವ ಸಂಶೋಧಕನಿಗೆ ಇದೇ ಮೇಲು.

ಬರೆಯುವವರು ಪ್ರತಿಕಾಯವೆಂಬ ಪದವನ್ನು ರೋಗಾಣುನಾಶಕ ಔಷಧವಾದ ಪ್ರತಿಜೀವಕದೊಡನೆಯಾಗಲಿ, ಪ್ರತಿಕಾಯವು ಹೋಗಿ ಅಂಟಿಕೊಳ್ಳುವ ಪ್ರತಿಜನಕದೊಡನೆಯಾಗಲಿ ಬೆರೆಸದಿರಲಿ.