‘ಅತಾಲಿ’ ನಾಟಕದ ರಂಗಚರಿತ್ರೆ

ಓದುವಾಗ ಮೆಚ್ಚಿದ ನಾಟಕವು ರಂಗದ ಮೇಲೆ ನಿಲ್ಲದೆ ಹೋಗುವುದುಂಟು. ರಂಗದ ಮೇಲೆ ಮೆರೆದುದು ಓದಿನಲ್ಲಿ ಸಪ್ಪೆಯಾಗುವುದೂ ಉಂಟು. ಆದರೆ ಬರೆದ ಕವಿಯು ಬದುಕಿರುವವರೆಗೂ ಸಾರ್ವಜನಿಕ ರಂಗವನ್ನೇ ಕಾಣದೆ, ಅವನು ಕಾಲವಾದ ಮೇಲೆ ಒಂದು ದೇಶದ ಸಾಹಿತ್ಯಕ್ಕೆಲ್ಲ ಕಿರೀಟಪ್ರಾಯವೆನಿಸಿಕೊಂಡ ನಾಟಕಗಳು ವಿರಳ. ಫ್ರೆಂಚ್ ಕವಿ ರಾಸೀನನ ‘ಅತಾಲಿ’ಯು ಅಂತಹುದು.

ಇದರ ಕಥಾವಸ್ತು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ, ಅರಸುಗಳ ಎರಡನೆಯ ಪುಸ್ತಕದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಯೆಹೂದ ದೇಶದ ರಾಣಿ ಅತಲ್ಯಳು ತನ್ನ ಮಗನು ಸತ್ತ ಸುದ್ದಿಯನ್ನು ಕೇಳಿ ರಾಜವಂಶವನ್ನೇ ಸಂಹರಿಸಿ ಸಿಂಹಾಸನವನ್ನೇರುತ್ತಾಳೆ. ಯೋವಾಷನೆಂಬ ಒಂದು ಶಿಶು ಮಾತ್ರ ಉಳಿದು, ಆರು ವರ್ಷ ದೇವಾಲಯದಲ್ಲಿ ಗುಟ್ಟಾಗಿ ಬೆಳೆಯುತ್ತದೆ. ಏಳನೆಯ ವರ್ಷದಲ್ಲಿ ಯಾಜಕನಾದ ಯೆಹೋಯಾದನು ಆ ಬಾಲಕನಿಗೆ ಪಟ್ಟ ಕಟ್ಟುತ್ತಾನೆ, ರಾಣಿಯು ಹತಳಾಗುತ್ತಾಳೆ. ಕೆಲವೇ ವಾಕ್ಯಗಳಲ್ಲಿ ಮುಗಿಯುವ ಈ ವೃತ್ತಾಂತವನ್ನು ರಾಸೀನನು ಐದು ಅಂಕಗಳಿಗೆ ಹಿಗ್ಗಿಸಿದನು. ರಾಣಿಯು ಕಾಣುವ ಭೀಕರಸ್ವಪ್ನವೂ, ಆಕೆಯು ದೇವಾಲಯದಲ್ಲಿ ಆ ಬಾಲಕನನ್ನು ಕಂಡು ಮರುಳಾಗಿ ಪ್ರಶ್ನೆ ಕೇಳುವ ದೃಶ್ಯವೂ ಮೂಲದಲ್ಲಿಲ್ಲ. ಅವು ಕವಿಯ ಕಲ್ಪನೆಗಳು. ಕೊಲೆಗಾತಿಯ ಎದೆಯಲ್ಲಿಯೂ ಒಂದು ಕ್ಷಣ ಮಮತೆಯು ಮಿಡಿಯುವಂತೆ ಮಾಡಿದುದೇ ಅವನ ಪ್ರತಿಭೆ.

ನಾಟಕವು ಹುಟ್ಟಿದ ಸಂದರ್ಭವೂ ವಿಚಿತ್ರವಾದುದು. ರಾಸೀನನು 1677ರಲ್ಲಿ ‘ಫೆದ್ರ್’ ಆದ ಬಳಿಕ ರಂಗಭೂಮಿಗೆ ಬೆನ್ನುಮಾಡಿ ಅರಸನ ಇತಿಹಾಸಕಾರನಾಗಿದ್ದನು. ಹದಿನಾಲ್ಕನೆಯ ಲೂಯಿಯ ಪತ್ನಿಯಾದ ಮದಾಂ ದ ಮೇಂತೆನೋ ಎಂಬಾಕೆಯು ಬಡ ಕುಲೀನರ 250 ಹೆಣ್ಣುಮಕ್ಕಳಿಗಾಗಿ 1686ರಲ್ಲಿ ವರ್ಸಾಯ್ ಅರಮನೆಯ ಸಮೀಪದ ಸ್ಯಾಂ-ಸೀರಿನಲ್ಲಿ ಪಾಠಶಾಲೆಯೊಂದನ್ನು ಸ್ಥಾಪಿಸಿದ್ದಳು. ಅಲ್ಲಿನ ಬಾಲಿಕೆಯರು ರಾಸೀನನ ‘ಆಂದ್ರೊಮಾಕ್’ ಪ್ರೇಮನಾಟಕವನ್ನು ಆಡಿದರು. ಅದನ್ನು ಅವರು ಅತಿಯಾಗಿ ಚೆನ್ನಾಗಿ ಆಡಿದುದೇ ಆಕೆಯ ಆತಂಕಕ್ಕೆ ಕಾರಣವಾಯಿತು! ಶೃಂಗಾರವಿಲ್ಲದ ಧರ್ಮನಾಟಕವೊಂದನ್ನು ಬರೆದುಕೊಡಬೇಕೆಂದು ಆಕೆಯು ಕವಿಯನ್ನು ಬೇಡಿದಳು. ಹನ್ನೆರಡು ವರ್ಷದ ಮೌನವು ಹೀಗೆ ಮುರಿಯಿತು.

ಮೊದಲು ಬಂದುದು ‘ಎಸ್ತೇರ್’. 1689ರ ಜನವರಿ 26ರಂದು ಅರಸನ ಸಮ್ಮುಖದಲ್ಲಿ ಅದರ ಪ್ರಯೋಗವಾಯಿತು. ಬೆಲೆಬಾಳುವ ಉಡುಪು, ಮೊರೋ ಎಂಬವನ ಸಂಗೀತ, ಆಹ್ವಾನಕ್ಕಾಗಿ ಹಾತೊರೆಯುವ ದರ್ಬಾರಿಗಳು, ಯಾವುದಕ್ಕೂ ಕೊರತೆಯಿರಲಿಲ್ಲ. ಇದರಿಂದಲೇ ಕೇಡೂ ಹುಟ್ಟಿತು. ಎಳೆಯ ಹುಡುಗಿಯರನ್ನು ರಾಜಸಭೆಯ ಕಣ್ಣೆದುರಿಗೆ ಕುಣಿಸುವುದು ಉಚಿತವಲ್ಲವೆಂದು ಧರ್ಮನಿಷ್ಠರು ಆಕ್ಷೇಪಿಸಿದರು. ಮಕ್ಕಳಲ್ಲಿ ಗರ್ವವು ತಲೆಯೆತ್ತಿತೆಂಬ ದೂರೂ ಬಂದಿತು.

ಆದುದರಿಂದ ‘ಅತಾಲಿ’ಯು ಸಿದ್ಧವಾಗುವ ವೇಳೆಗೆ ಗಾಳಿಯು ತಿರುಗಿತ್ತು. 1691ರ ಜನವರಿ 5ರಂದು ಪಾಠಶಾಲೆಯ ಒಂದು ಕೊಠಡಿಯಲ್ಲಿ, ಪರದೆಗಳಿಲ್ಲದೆ, ವೇಷಗಳಿಲ್ಲದೆ, ದಿನದ ಉಡುಪಿನಲ್ಲಿಯೇ ಬಾಲಿಕೆಯರು ಅರಸನೆದುರಿಗೆ ಅದನ್ನು ಒಪ್ಪಿಸಿದರು. ಅದೇ ವರ್ಷ ಗ್ರಂಥವು ಅಚ್ಚಾಯಿತಾದರೂ ಓದುಗರು ತಣ್ಣಗೆ ಬರಮಾಡಿಕೊಂಡರು. ವೃತ್ತಿನಟರು ಅದನ್ನು ಆಡಲು ಅಪ್ಪಣೆಯಿರಲಿಲ್ಲ. ಇದೇ ನಿನ್ನ ಕೃತಿಗಳಲ್ಲಿ ಶ್ರೇಷ್ಠವಾದುದೆಂದು ಮಿತ್ರನಾದ ಬ್ವಾಲೋ ಸಮಾಧಾನ ಹೇಳಿದನು. ಆ ಮಾತು ಸತ್ಯವಾಗುವುದನ್ನು ಕಾಣದೆಯೇ ಕವಿಯು 1699ರಲ್ಲಿ ತೀರಿಕೊಂಡನು. ಸಮಾನಧರ್ಮನಾದ ರಸಿಕನನ್ನು ಮುಂದಿನ ಕಾಲದಲ್ಲಿ ಎದುರುನೋಡಿದ ನಮ್ಮ ಭವಭೂತಿಯ ನೆನಪು ಇಲ್ಲಿ ಬಾರದಿರದು.

1702ರಲ್ಲಿ ವರ್ಸಾಯ್ ಅರಮನೆಯೊಳಗೆ ರಾಜಪರಿವಾರದವರೇ ಈ ನಾಟಕವನ್ನು ಆಡಿದರು. ಅರಸನ ಮೊಮ್ಮಗನ ಪತ್ನಿಯಾದ ಬರ್ಗಂಡಿಯ ಡಚೆಸ್ ಒಂದು ಪಾತ್ರವನ್ನು ವಹಿಸಿದಳು. ಹತ್ತು ವರ್ಷಗಳಲ್ಲಿ ಆಕೆಯೂ, ಆಕೆಯ ಪತಿಯೂ, ಹಿರಿಯ ಮಗನೂ ರೋಗಕ್ಕೆ ತುತ್ತಾದರು. ಕಿರಿಯ ಶಿಶುವೊಂದು ಉಳಿಯಿತು. 1715ರಲ್ಲಿ ವೃದ್ಧರಾಜನು ಸಾಯಲು ಆ ಶಿಶುವೇ ಹದಿನೈದನೆಯ ಲೂಯಿ ಆಯಿತು. 1716ರ ಮಾರ್ಚ್ 3ರಂದು ಪ್ಯಾರಿಸಿನ ಕೊಮೆದಿ-ಫ್ರಾಂಸೇಸ್ ಸಂಸ್ಥೆಯವರು ‘ಅತಾಲಿ’ಯನ್ನು ಮೊದಲ ಬಾರಿಗೆ ಜನಸಾಮಾನ್ಯರ ಮುಂದೆ ಪ್ರಯೋಗಿಸಿದಾಗ, ದೇವಾಲಯದಲ್ಲಿ ಉಳಿದ ಬಾಲಕನನ್ನು ಕಂಡ ಪ್ರೇಕ್ಷಕರು ತಮ್ಮ ಆರು ವರ್ಷದ ಅರಸನನ್ನೇ ಕಂಡರು. ಇಪ್ಪತ್ತೈದು ವರ್ಷ ಮಲಗಿದ್ದ ನಾಟಕವು ಎಚ್ಚತ್ತುದು ಹೀಗೆ. ಪ್ರಾಚೀನ ಕಥೆಯು ತನ್ನ ಕಾಲವನ್ನು ತಾನೇ ಹುಡುಕಿಕೊಂಡಿತು.

ಆ ಬಳಿಕ ಅದಕ್ಕೆ ನೆಲೆ ತಪ್ಪಲಿಲ್ಲ. ವೋಲ್ತೇರನಂತಹ ಮತವಿಮರ್ಶಕನೂ ಅದನ್ನು ಕೊಂಡಾಡಿದನು. ಹ್ಯಾಂಡೆಲನು ಇದರ ಆಧಾರದಿಂದ 1733ರಲ್ಲಿ ಆಕ್ಸ್‌ಫರ್ಡಿನಲ್ಲಿ ಗೇಯಕೃತಿಯೊಂದನ್ನು ಹಾಡಿಸಿದನು. ಮೆಂಡೆಲ್‌ಸೋನನು 1845ರಲ್ಲಿ ಮೇಳಗೀತಗಳಿಗೆ ಹೊಸ ಸಂಗೀತವನ್ನು ಕೊಟ್ಟನು. 1770ರಲ್ಲಿ, ಮುಂದೆ ಹದಿನಾರನೆಯ ಲೂಯಿಯಾದ ಯುವರಾಜನ ವಿವಾಹೋತ್ಸವದಲ್ಲಿ, ವರ್ಸಾಯಿಯ ನೂತನ ನಾಟಕಶಾಲೆಯಲ್ಲಿ ವೈಭವದಿಂದ ಅದರ ಪ್ರಯೋಗವಾಯಿತು. ಸಿಂಹಾಸನದಿಂದ ಉರುಳುವ ರಾಣಿಯ ಕಥೆಯನ್ನು ನವವಧುವಾದ ಮರೀ ಆಂತ್ವಾನೆತಳ ಮದುವೆಗೆಂದು ಆರಿಸಿದವರಿಗೆ 1793ರ ವಧಸ್ತಂಭವು ಹೇಗೆ ತಾನೆ ಕಂಡೀತು? 1847ರಲ್ಲಿ ರಾಶೆಲ್ ಎಂಬ ಪ್ರಸಿದ್ಧ ನಟಿಯು ರಾಣಿಯ ಪಾತ್ರವನ್ನು ಧರಿಸಿದಳು. 1915ರಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದ ಸಾರಾ ಬೆರ್ನಾರ್ ತನ್ನ 75ನೆಯ ವಯಸ್ಸಿನಲ್ಲಿ, 1920ರಲ್ಲಿ, ಪಲ್ಲಕ್ಕಿಯಲ್ಲಿ ಕುಳಿತು ರಂಗಕ್ಕೆ ಬಂದು ಅದೇ ಪಾತ್ರವನ್ನು ವಹಿಸಿದಳು.

ಬಾಲಿಕೆಯರ ಪಾಠಶಾಲೆಯು 1793ರಲ್ಲಿ ಮುಚ್ಚಿತು. ಆ ಕಟ್ಟಡವು ನೆಪೋಲಿಯನ್ನನ ಕಾಲದಿಂದ ಸೈನಿಕಶಾಲೆಯಾಗಿದ್ದು, 1944ರ ವೈಮಾನಿಕ ದಾಳಿಯಲ್ಲಿ ಬಹ್ವಂಶ ನಾಶವಾಯಿತು. ‘ಎಸ್ತೇರ್’ಗೆ ಎಲ್ಲ ಸಿಂಗಾರವೂ ದೊರೆಯಿತು, ‘ಅತಾಲಿ’ಗೆ ಬರಿಯ ಗೋಡೆಗಳು, ಬಾಲಿಕೆಯರ ಕಂಠಗಳು. ಆದರೂ ಹಿರಿದೆನಿಸಿದುದು ಎರಡನೆಯದೇ. ನಮ್ಮ ಊರುಗಳಲ್ಲಿ ಪರದೆಗೂ ದೀಪಕ್ಕೂ ಹಣವಿಲ್ಲವೆಂದು ನಾಟಕವನ್ನೇ ಕೈಬಿಡುವ ಮಿತ್ರರು ಆ ಜನವರಿಯ ಕೊಠಡಿಯನ್ನು ಒಮ್ಮೆ ನೆನೆಯಬೇಕು.