ಎಣಿಕೆಯ ಏಕಮಾನ: ಕನ್ನಡ ಭಾಷಾಧ್ಯಯನಕ್ಕೆ ಸಂಖ್ಯಾಶಾಸ್ತ್ರದ ನೆರವು ಒದಗಿದ ಬಗೆ

ಸಾರಾಂಶ

ಕನ್ನಡದ ಭಾಷಿಕ ದತ್ತಾಂಶವನ್ನು ಎಣಿಸಲು, ವಿಶ್ಲೇಷಿಸಲು ಹಾಗೂ ಆಲೇಖವಾಗಿ ಬಿಡಿಸಲು ಭಾಷಾವಿಜ್ಞಾನಿಗಳು ಅನ್ಯಶಿಸ್ತುಗಳಿಂದ ಪಡೆದ ನೆರವಿನ ಚರಿತ್ರೆಯನ್ನು ಈ ಲೇಖನವು 1960ರ ದಶಕದಿಂದ ಇಂದಿನ ‘ಆರ್’ ಕ್ರಮಭಾಷೆಯವರೆಗೆ ಪರಿಶೀಲಿಸುತ್ತದೆ. ನೆರವು ಸಂವಹನ ಎಂಜಿನಿಯರಿಂಗ್ ಪ್ರಯೋಗಾಲಯವಾಗಿ, ಸಹಲೇಖಕನಾಗಿ, ಕೊನೆಗೆ ಸಿದ್ಧ ಆದೇಶಪಾಠವಾಗಿ ರೂಪ ಬದಲಿಸಿದೆ. ಹೇಗೆ ಎಣಿಸಬೇಕೆಂಬುದನ್ನು ಈ ಮೂರೂ ಹಂತಗಳು ಕಲಿಸಿದವು. ಏನನ್ನು ಎಣಿಸಬೇಕೆಂಬ ತೀರ್ಮಾನ ಮಾತ್ರ ಭಾಷಾವಿಜ್ಞಾನಿಯದೇ ಆಗಿ ಉಳಿದಿದೆ ಎಂಬುದು ಇಲ್ಲಿಯ ವಾದ.

ಪ್ರಮುಖ ಪದಗಳು: ಪರಿಮಾಣಾತ್ಮಕ ಭಾಷಾವಿಜ್ಞಾನ, ಕಲಬುರಗಿ ಕನ್ನಡ, ಆರ್ ಕ್ರಮಭಾಷೆ, ಯೂನಿಕೋಡ್, ಸ್ವರಾಲೇಖ

1. ಒಂದು ಹೆಸರು, ನಾಲ್ಕು ಉದ್ದ

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ ಸರಸಂಬಾ ಎಂಬ ಊರಿದೆ. ಈ ಹೆಸರನ್ನು ‘ಆರ್’ ಕ್ರಮಭಾಷೆಗೆ ಕೊಟ್ಟು ಅದರ ಉದ್ದವನ್ನು ಕೇಳಿದರೆ, ಕೇಳಿದ ರೀತಿಗೆ ತಕ್ಕಂತೆ ಉತ್ತರ ಬೇರೆಯಾಗುತ್ತದೆ. ಬೈಟ್‌ಗಳ ಲೆಕ್ಕದಲ್ಲಿ ಅದು 18. ಯೂನಿಕೋಡ್ ಸಂಕೇತಬಿಂದುಗಳ ಲೆಕ್ಕದಲ್ಲಿ 6; ಏಕೆಂದರೆ ಅನುಸ್ವಾರವೂ ಕೊನೆಯ ದೀರ್ಘಚಿಹ್ನೆಯೂ ಅಲ್ಲಿ ಸ್ವತಂತ್ರ ಘಟಕಗಳು. ಬರೆಯುವವರು ಗುರುತಿಸುವ ಅಕ್ಷರಗಳು ಸ, ರ, ಸಂ, ಬಾ ಎಂದು 4. ಉಚ್ಚಾರಣೆಯನ್ನು ಬಿಡಿಸಿ ನೋಡುವ ಧ್ವನಿವಿಜ್ಞಾನಿಗೆ ದೊರೆಯುವ ಧ್ವನಿಮಾಗಳು 9. ಈ ನಾಲ್ಕು ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಪದದ ಉದ್ದ, ಅಕ್ಷರಗಳ ಆವೃತ್ತಿ, ಎರಡು ಪದಗಳ ನಡುವಣ ಅಂತರ ಮುಂತಾದ ಯಾವ ಅಳತೆಯನ್ನು ಮಾಡುವ ಮೊದಲೂ ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಆರಿಸದೆ ಬಿಟ್ಟರೆ ತಂತ್ರಾಂಶವೇ ಆರಿಸುತ್ತದೆ. ಆರ್‌ನ ಪೂರ್ವನಿಯೋಜಿತ ಆಯ್ಕೆ ಸಂಕೇತಬಿಂದು.

ಇಂದಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ತೊಡಕು ಗಣಕಯುಗದ ಹೊಸ ಸಮಸ್ಯೆಯಂತೆ ತೋರಬಹುದು. ಅದರ ಮೂಲ ಮಾತ್ರ ಆರು ದಶಕಗಳಷ್ಟು ಹಿಂದಿನದು.

2. ಪ್ರಯೋಗಾಲಯದ ಎಣಿಕೆ

1948ರಲ್ಲಿ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಮಾಹಿತಿ ಸಿದ್ಧಾಂತವನ್ನು ಮಂಡಿಸಿದ ಮೇಲೆ, ಭಾಷೆಯೊಂದರ ಪ್ರತಿ ಘಟಕವು ಸರಾಸರಿ ಎಷ್ಟು ಮಾಹಿತಿಯನ್ನು ಹೊರುತ್ತದೆ ಎಂಬ ಪ್ರಶ್ನೆಗೆ ಗಣಿತದ ರೂಪ ದೊರೆಯಿತು. ಭಾರತೀಯ ಭಾಷೆಗಳ ಮಟ್ಟಿಗೆ ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎಸ್. ರಾಮಕೃಷ್ಣ ಮತ್ತು ಅವರ ಸಂಗಡಿಗರು. ಭಾರತೀಯ ಭಾಷೆಗಳ ಸಾಪೇಕ್ಷ ದಕ್ಷತೆಯನ್ನು ಕುರಿತ ಅವರ ಗ್ರಂಥ 1962ರಲ್ಲಿ ಪ್ರಕಟವಾಯಿತು. ಅವರ ಮೂಲ ಆಸಕ್ತಿ ಸಂವಹನ ಎಂಜಿನಿಯರಿಂಗ್. ತಂತಿಯ ಮೂಲಕ ಸಾಗುವ ಸಂದೇಶದ ಮಿತವ್ಯಯವೇ ಆ ಶಾಸ್ತ್ರದ ಮುಖ್ಯ ಕಾಳಜಿ. ಆದರೆ ಎಣಿಕೆಗೆ ತೊಡಗಿದೊಡನೆ ಎದುರಾಗುವ ಪ್ರಶ್ನೆ ಭಾಷಾವಿಜ್ಞಾನದ್ದು. ಕನ್ನಡ ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸಿನಲ್ಲಿವೆ. ಗುಣಿತಾಕ್ಷರ, ಒತ್ತಕ್ಷರಗಳನ್ನು ಪ್ರತ್ಯೇಕ ಘಟಕಗಳೆಂದು ಭಾವಿಸಿದರೆ ಅದೇ ಬರಹದ ಘಟಕಸಂಖ್ಯೆ ಸಾವಿರವನ್ನು ಮೀರುತ್ತದೆ. ಘಟಕ ದೊಡ್ಡದಾದಷ್ಟೂ ಅದು ಹೊರುವ ಮಾಹಿತಿ ಹೆಚ್ಚು. ಆದುದರಿಂದ ಎರಡು ಭಾಷೆಗಳ ಹೋಲಿಕೆಯ ಫಲಿತಾಂಶವು ಭಾಷೆಗಳನ್ನು ಎಷ್ಟು ಅವಲಂಬಿಸಿದೆಯೋ ಏಕಮಾನದ ಆಯ್ಕೆಯನ್ನೂ ಅಷ್ಟೇ ಅವಲಂಬಿಸಿದೆ.

ಈ ಗ್ರಂಥದ ಸಹಲೇಖಕರಲ್ಲಿ ಒಬ್ಬರಾದ ಬಿಷ್ಣು ಅಟಲ್ 1961ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದರು. ಮಾತಿನ ಅಲೆಯ ಮುಂದಿನ ಮೌಲ್ಯವನ್ನು ಹಿಂದಿನ ಮೌಲ್ಯಗಳಿಂದ ಊಹಿಸುವ ರೇಖೀಯ ಪೂರ್ವಾನುಮಾನ ವಿಧಾನವನ್ನು ಅವರು ಅಲ್ಲಿ ಬೆಳೆಸಿದರು. ಸುಜೇನ್ ಹನಾವರ್ ಜೊತೆಗಿನ ಅವರ ಪ್ರಸಿದ್ಧ ಪ್ರಬಂಧ 1971ರದು. 1976ರಲ್ಲಿ ಅದೇ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಹೋದ್ಯೋಗಿಗಳು ದತ್ತಾಂಶ ವಿಶ್ಲೇಷಣೆಗಾಗಿ ‘ಎಸ್’ ಎಂಬ ಕ್ರಮಭಾಷೆಯನ್ನು ರೂಪಿಸತೊಡಗಿದರು. ಇಂದಿನ ‘ಆರ್’ ಇದರ ಸಂತತಿ. ಈ ಎರಡು ಎಳೆಗಳು ಕನ್ನಡದ ಸ್ವರಾಲೇಖದಲ್ಲಿ ಮತ್ತೆ ಕೂಡುವುದನ್ನು ಐದನೆಯ ಭಾಗದಲ್ಲಿ ಕಾಣಬಹುದು.

3. ವರ್ಣನೆಯಿಂದ ಪ್ರಮಾಣದೆಡೆಗೆ

ಎಂಜಿನಿಯರರು ಎಣಿಸುತ್ತಿದ್ದ ಕಾಲದಲ್ಲಿಯೇ ಭಾಷಾವಿಜ್ಞಾನಿಗಳು ಉಪಭಾಷೆಗಳನ್ನು ವರ್ಣಿಸುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಉಪಭಾಷೆಗಳ ಅಧ್ಯಯನಗಳಲ್ಲಿ ಹಾಲಕ್ಕಿ ಮತ್ತು ನಂಜನಗೂಡು ಕನ್ನಡಗಳನ್ನು ಕುರಿತವುಗಳ ಜೊತೆಗೆ ಆರ್. ಮಹದೇವನ್ ಅವರ ‘ಗುಲ್ಬರ್ಗಾ ಕನ್ನಡ’ವೂ (1968) ಸೇರಿದೆ. ಈ ಪರಂಪರೆಯ ಶಕ್ತಿ ಅದರ ನಿಖರತೆ: ಧ್ವನಿಮಾಗಳು ಯಾವುವು, ಅವು ಎಲ್ಲಿ ಬರುತ್ತವೆ, ರೂಪಗಳು ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಅದು ಹೇಳಿತು. ಆದರೆ ಅದರ ಚೌಕಟ್ಟಿನಲ್ಲಿ ಒಂದು ರೂಪ ಇದೆ ಅಥವಾ ಇಲ್ಲ. ಎಷ್ಟು ಇದೆ ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಅವಕಾಶವಿರಲಿಲ್ಲ.

ಕಲಬುರಗಿ ಭಾಗದ ಮಾತಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯ. ಪದಾಂತ್ಯದ ಎಕಾರ ಇಕಾರವಾಗಿ ‘ಮನೆ’ಯು ‘ಮನಿ’ಯಾಗುವುದು, ‘ಮೇಲೆ’ಯು ‘ಮ್ಯಾಲ’ ಆಗುವುದು ಉತ್ತರ ಕರ್ನಾಟಕದ ಸುಪರಿಚಿತ ಲಕ್ಷಣಗಳು. ಆದರೆ ಅದೇ ವ್ಯಕ್ತಿ ಶಾಲೆಯಲ್ಲಿ ‘ಮನೆ’ ಎಂದೂ ಅಂಗಳದಲ್ಲಿ ‘ಮನಿ’ ಎಂದೂ ಆಡುವುದುಂಟು. ವಯಸ್ಸು, ವಿದ್ಯಾಭ್ಯಾಸ, ಸಂದರ್ಭ, ಪದ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಈ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದನ್ನು ವರ್ಣನೆಯೊಂದೇ ಹೇಳಲಾರದು. ವಿಲಿಯಂ ಲೆಬಾವ್ ಅವರ ನ್ಯೂಯಾರ್ಕ್ ಅಧ್ಯಯನ (1966), ಅದರ ಬೆನ್ನಿಗೆ ಹೆನ್ರಿಯೆಟ್ಟಾ ಸೆಡರ್‌ಗ್ರೆನ್ ಮತ್ತು ಡೇವಿಡ್ ಸ್ಯಾಂಕಾಫ್ ರೂಪಿಸಿದ ವಿಕಲ್ಪ ನಿಯಮಗಳ ಸಂಖ್ಯಾಮಾದರಿ (1974) ಇಂಥ ಪ್ರಶ್ನೆಗಳಿಗೆ ದಾರಿ ಮಾಡಿದವು. ಭಾರತದಲ್ಲಿ 1990ರ ದಶಕದಲ್ಲಿ ಸಿದ್ಧವಾದ ಮೂವತ್ತು ಲಕ್ಷ ಪದಗಳ ಕನ್ನಡ ಪಠ್ಯಕೋಶ ಎಣಿಕೆಗೆ ವಿಸ್ತಾರವಾದ ಸಾಮಗ್ರಿಯನ್ನು ಒದಗಿಸಿತು. ಆದರೆ ಅದು ಮುದ್ರಿತ ಬರಹದ ಕೋಶ. ‘ಮ್ಯಾಲ’ ಎಂಬುದು ಅಂಥ ಕೋಶದೊಳಗೆ ಬಂದರೆ ಕಥೆ, ಕಾದಂಬರಿಗಳ ಪಾತ್ರಗಳ ಬಾಯಿಂದ ಮಾತ್ರ ಬರಬೇಕು.

4. ಸಹಲೇಖಕನಿಂದ ಪಠ್ಯಪುಸ್ತಕಕ್ಕೆ

ಭಾಷಾವಿಜ್ಞಾನಿ ಮತ್ತು ಸಂಖ್ಯಾಶಾಸ್ತ್ರಜ್ಞ ಒಂದೇ ಮೇಜಿನ ಬಳಿ ಕುಳಿತು ಕೆಲಸ ಮಾಡಿದುದಕ್ಕೆ ದ್ರಾವಿಡ ಭಾಷಾಧ್ಯಯನದಲ್ಲಿಯೇ ಉತ್ತಮ ನಿದರ್ಶನವಿದೆ. 1983ರಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಸ್ಟ್ಯಾನ್‌ಫರ್ಡ್‌ನ ಸಂಖ್ಯಾಶಾಸ್ತ್ರಜ್ಞ ಲಿಂಕನ್ ಮೋಸೆಸ್ ಹಾಗೂ ಡಗ್ಲಸ್ ಡ್ಯಾನ್‌ಫರ್ತ್ ಜೊತೆಗೂಡಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗೊಂಡಿ, ಕೊಂಡ, ಕುಇ, ಕುವಿ, ಪೆಂಗೊ, ಮಂಡ ಎಂಬ ಆರು ಭಾಷೆಗಳ ಒಳಸಂಬಂಧ ಅದರ ವಿಷಯ. ಆರು ಭಾಷೆಗಳನ್ನು ಎರಡೆರಡು ಕವಲುಗಳಾಗಿ ಒಡೆಯುವ ವಂಶವೃಕ್ಷಗಳು ಒಟ್ಟು 945 ಸಾಧ್ಯ. ಅವುಗಳಲ್ಲಿ ಯಾವುದು ದತ್ತಾಂಶಕ್ಕೆ ಹೆಚ್ಚು ಒಪ್ಪುತ್ತದೆ ಎಂಬುದನ್ನು ಗಣಕದ ನೆರವಿನಿಂದ ತೂಗಿ ನೋಡಲಾಯಿತು. ಇಲ್ಲಿ ಗಮನಿಸಬೇಕಾದದ್ದು ಕೆಲಸದ ಹಂಚಿಕೆ. ವೃಕ್ಷಗಳನ್ನು ಎಣಿಸಿ ಶ್ರೇಣೀಕರಿಸುವುದು ಗಣಿತದ ಕೆಲಸ. ಎಣಿಸಬೇಕಾದದ್ದು ಧ್ವನಿಬದಲಾವಣೆಗೆ ಒಳಗಾಗದೆ ಉಳಿದ ಜ್ಞಾತಿಪದಗಳನ್ನು ಎಂಬ ನಿರ್ಣಯ ಭಾಷಾವಿಜ್ಞಾನದ್ದು. ಪ್ರಬಂಧದ ಹೊಸತನ ಇರುವುದು ಈ ಎರಡನೆಯದರಲ್ಲಿ. ಕನ್ನಡವೂ ಸೇರಿ ಇಪ್ಪತ್ತು ದ್ರಾವಿಡ ಭಾಷೆಗಳ ಮೂಲಪದಗಳಿಂದ ಕುಟುಂಬದ ವಯಸ್ಸು ಸುಮಾರು 4,500 ವರ್ಷಗಳೆಂದು ಅಂದಾಜಿಸಿದ ವಿಷ್ಣುಪ್ರಿಯಾ ಕೊಲಿಪಾಕಂ ಮತ್ತು ಸಂಗಡಿಗರ 2018ರ ಅಧ್ಯಯನದಲ್ಲಿಯೂ ಗಣನೆಗೆ ಮೊದಲು ಜ್ಞಾತಿಪದಗಳ ನಿರ್ಣಯ ನಡೆದಿದೆ.

ಇಂಥ ಸಹಯೋಗದ ಭಾಗ್ಯ ಎಲ್ಲ ವಿದ್ಯಾರ್ಥಿಗಳಿಗೂ ದೊರೆಯುವುದಿಲ್ಲ. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ 1993ರಲ್ಲಿ ಹೊರತಂದ ‘ಆರ್’, 1995ರಲ್ಲಿ ಮುಕ್ತ ಪರವಾನಗಿಗೆ ಒಳಪಟ್ಟು, 2000ದ ಫೆಬ್ರವರಿ 29ರಂದು ಮೊದಲ ಪೂರ್ಣ ಆವೃತ್ತಿಯನ್ನು ಕಂಡಿತು. ಹಣ ತೆರಬೇಕಾಗಿಲ್ಲದ ಈ ಸಾಧನ ನೆರವಿನ ಸ್ವರೂಪವನ್ನೇ ಬದಲಿಸಿತು. 2008ರಲ್ಲಿ ಹರಾಲ್ಡ್ ಬಾಯೆನ್ ಅವರ ಪಠ್ಯಪುಸ್ತಕ ಭಾಷಿಕ ದತ್ತಾಂಶವನ್ನೇ ಉದಾಹರಣೆಯಾಗಿಟ್ಟುಕೊಂಡು ಆರ್ ಅನ್ನು ಕಲಿಸಿತು. ಅದೇ ವರ್ಷ ಬಾಯೆನ್, ಡೇವಿಡ್‌ಸನ್ ಮತ್ತು ಬೇಟ್ಸ್ ಬರೆದ ಪ್ರಬಂಧವು ಭಾಷಿಕರನ್ನೂ ಪದಗಳನ್ನೂ ಏಕಕಾಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಪರಿಣಾಮ ಮಾದರಿಯನ್ನು ಜನಪ್ರಿಯಗೊಳಿಸಿತು. ‘ಮನಿ’, ‘ಮನೆ’ಯಂಥ ವಿಕಲ್ಪಕ್ಕೆ ಇದು ತಕ್ಕ ಸಾಧನ: ಒಬ್ಬನೇ ಭಾಷಿಕನ ನೂರು ಉಚ್ಚಾರಣೆಗಳು ನೂರು ಜನರ ಸಾಕ್ಷ್ಯವಲ್ಲ ಎಂಬುದನ್ನು ಅದು ಮರೆಯುವುದಿಲ್ಲ. ಲೀಲ್ಯಾಂಡ್ ವಿಲ್ಕಿನ್‌ಸನ್ 1999ರಲ್ಲಿ ಪ್ರತಿಪಾದಿಸಿದ ‘ಆಲೇಖಗಳ ವ್ಯಾಕರಣ’ವನ್ನು ಹ್ಯಾಡ್ಲಿ ವಿಕ್‌ಹ್ಯಾಮ್ ‘ಜಿಜಿಪ್ಲಾಟ್2’ ಎಂಬ ಆರ್ ಪೊಟ್ಟಣವಾಗಿ ಅಳವಡಿಸಿದ ಮೇಲೆ ಚಿತ್ರ ಬಿಡಿಸುವುದೂ ವಾಕ್ಯ ಕಟ್ಟುವಂತಾಯಿತು.

5. ಸಿದ್ಧ ಆದೇಶಪಾಠದ ಬೆಲೆ

ಈಗ ನೆರವು ಬಹುಮಟ್ಟಿಗೆ ಆದೇಶಗಳ ಸಿದ್ಧ ಪಾಠವಾಗಿ ಬರುತ್ತದೆ: ಬೇರೆಯವರು ಬರೆದ ಕೆಲವು ಸಾಲುಗಳನ್ನು ತಂದು ತಮ್ಮ ದತ್ತಾಂಶದ ಮೇಲೆ ಓಡಿಸುವುದು. ಆ ಸಾಲುಗಳು ಹೆಚ್ಚಾಗಿ ಇಂಗ್ಲಿಷ್ ಪಠ್ಯಕ್ಕೆ ಬರೆದವು. ಅವುಗಳಲ್ಲಿ ಅಡಗಿರುವ ಊಹೆಗಳು ಕನ್ನಡದ ಮೇಲೆ ಏನು ಮಾಡುತ್ತವೆ ಎಂಬುದಕ್ಕೆ ಮೂರು ನಿದರ್ಶನಗಳು ಸಾಕು.

ಮೊದಲನೆಯದು, ಪಠ್ಯವನ್ನು ‘ಶುಚಿಗೊಳಿಸುವ’ ಹಂತ. ಅಕ್ಷರಗಳನ್ನಷ್ಟೇ ಉಳಿಸಿ ಉಳಿದುದನ್ನು ತೆಗೆಯಬೇಕೆಂಬ ಆದೇಶವನ್ನು ಯೂನಿಕೋಡ್‌ನ ಅಕ್ಷರವರ್ಗವನ್ನು ನೆಚ್ಚಿ ಬರೆದರೆ, ಸ್ವರಚಿಹ್ನೆ, ಅನುಸ್ವಾರ, ವಿರಾಮಚಿಹ್ನೆಗಳು ಆ ವರ್ಗಕ್ಕೆ ಸೇರುವುದಿಲ್ಲ. ಅವು ‘ಚಿಹ್ನೆ’ಗಳೆಂಬ ಬೇರೆ ವರ್ಗ. ಫಲವಾಗಿ ‘ಸರಸಂಬಾ’ ಎಂಬುದು ‘ಸರಸಬ’ ಆಗಿ ಹೊರಬರುತ್ತದೆ, ‘ಮನಿ’ ಮತ್ತು ‘ಮನೆ’ ಎರಡೂ ‘ಮನ’ ಆಗುತ್ತವೆ. ಅಳೆಯಬೇಕಾಗಿದ್ದ ವ್ಯತ್ಯಾಸವೇ ಅಳತೆಗೆ ಮುನ್ನ ಅಳಿಸಿಹೋಗುತ್ತದೆ. ಗಣಕ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಎರಡನೆಯದು, ರೋಮನ್ ಲಿಪ್ಯಂತರ. ವಿಂಡೋಸ್‌ನಲ್ಲಿ ವ್ಯವಸ್ಥೆಯ ಮೂಲ ಸಂಕೇತಪುಟವಾಗಿ ಬಳಸಬಹುದಾದ ಕನ್ನಡ ಪುಟ ಇರಲಿಲ್ಲವಾದುದರಿಂದ ಬಹುಕಾಲ ಆರ್‌ನ ಕೋಷ್ಟಕಗಳಲ್ಲಿ ಕನ್ನಡ ಪದಗಳು ಸಂಕೇತಸಂಖ್ಯೆಗಳ ಸಾಲಾಗಿ ಕಾಣುತ್ತಿದ್ದವು. 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿ ಹೊಸ ವಿಂಡೋಸ್‌ಗಳಲ್ಲಿ ಯುಟಿಎಫ್-8 ಅನ್ನೇ ಮೂಲವಾಗಿಸಿ ಈ ತೊಡಕನ್ನು ನಿವಾರಿಸಿತು. ಅಲ್ಲಿಯವರೆಗೆ ರೋಮನ್ ಲಿಪಿಯೇ ಸುಲಭದ ದಾರಿ. ‘ಬರಹ’ ಮುಂತಾದ ಪದ್ಧತಿಗಳಲ್ಲಿ ಆಕಾರವನ್ನೂ ಳಕಾರವನ್ನೂ ದೊಡ್ಡಕ್ಷರಗಳಿಂದ ಸೂಚಿಸಬಹುದು. ಎಲ್ಲವನ್ನೂ ಸಣ್ಣಕ್ಷರವಾಗಿಸುವ ಆದೇಶ ಇಂಗ್ಲಿಷ್ ಪಠ್ಯಕ್ಕೆ ನಿರುಪದ್ರವಿ. ದೊಡ್ಡದು, ಸಣ್ಣದು ಎಂಬ ಭೇದವಿಲ್ಲದ ಕನ್ನಡ ಲಿಪಿಗೂ ನಿರುಪದ್ರವಿ. ಲಿಪ್ಯಂತರಿಸಿದ ಕನ್ನಡಕ್ಕೆ ಮಾತ್ರ ಅದು ಮಾರಕ. ಹಾಗೆ ಬರೆದ ‘ಆಳಂದ’ ಒಂದೇ ಆದೇಶಕ್ಕೆ ‘ಅಲಂದ’ವಾಗುತ್ತದೆ.

ಮೂರನೆಯದು ಸ್ವರಾಲೇಖ. ‘ಮ್ಯಾಲ’ ಎಂಬಲ್ಲಿಯ ವಿವೃತ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಸ್ವಂತ ಅಕ್ಷರವಿಲ್ಲ; ಯಕಾರದ ಒತ್ತು ಮತ್ತು ದೀರ್ಘ ಸೇರಿ ಅದನ್ನು ಸೂಚಿಸುತ್ತವೆ. ಅಕ್ಷರಗಳನ್ನು ಎಣಿಸುವವರಿಗೆ ಅಲ್ಲಿ ಯಕಾರ ಕಾಣುತ್ತದೆ, ಕಿವಿಗೆ ಯಕಾರ ಕೇಳುವುದಿಲ್ಲ. ಆದುದರಿಂದ ಧ್ವನಿಮುದ್ರಣದಿಂದಲೇ ಅಳೆಯಬೇಕು. ಆಮ್‌ಸ್ಟರ್‌ಡ್ಯಾಮ್‌ನ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ ‘ಪ್ರಾಟ್’ ತಂತ್ರಾಂಶ ಸ್ವರದ ಮೊದಲೆರಡು ಫಾರ್ಮೆಂಟ್‌ಗಳನ್ನು ಅಳೆಯುವುದು ಅಟಲ್ ಬೆಳೆಸಿದ ರೇಖೀಯ ಪೂರ್ವಾನುಮಾನದ ಆಧಾರದ ಮೇಲೆ. ಆ ಅಂಕಿಗಳು ಆಲೇಖವಾಗುವುದು ಎಸ್‌ನ ಸಂತತಿಯಾದ ಆರ್‌ನಲ್ಲಿ. ಬೆಂಗಳೂರಿನಿಂದ ಬೆಲ್ ಪ್ರಯೋಗಾಲಯಕ್ಕೆ ಹೋದ ಎಳೆ ಹೀಗೆ ಮರಳಿ ಕಲಬುರಗಿಯ ಸ್ವರಕ್ಕೆ ತಾಗುತ್ತದೆ. ಆದರೆ ಆರ್ ತಾನಾಗಿ ಬಿಡಿಸುವ ಚಿತ್ರದಲ್ಲಿ ಅಂಕಿಗಳು ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. ‘ಇ’ ಬಲಬದಿಯ ಕೆಳಗೆ ಬೀಳುತ್ತದೆ. ಮಾರ್ಟಿನ್ ಜೂಸ್ 1948ರಲ್ಲಿ ತೋರಿಸಿದಂತೆ ಎರಡೂ ಅಕ್ಷಗಳನ್ನು ತಿರುಗಿಸಿದಾಗಲೇ ಅದು ನಾಲಗೆಯ ಸ್ಥಾನವನ್ನು ಹೋಲುವ ಸ್ವರಚತುರ್ಭುಜವಾಗುತ್ತದೆ. ತಿರುಗಿಸುವ ಆದೇಶವನ್ನು ಯಾರು ಬೇಕಾದರೂ ಹೇಳಿಕೊಡಬಲ್ಲರು. ತಿರುಗಿಸಬೇಕೆಂಬುದು ಸ್ವರವನ್ನು ಬಲ್ಲವರಿಗಷ್ಟೇ ಹೊಳೆಯುತ್ತದೆ.

6. ಸಮಾಪ್ತಿ

ಆರು ದಶಕಗಳ ಈ ಚರಿತ್ರೆಯಲ್ಲಿ ನೆರವು ಕ್ರಮೇಣ ಸುಲಭವಾಗಿದೆ, ಅಗ್ಗವಾಗಿದೆ, ಮುಖರಹಿತವೂ ಆಗಿದೆ. ಕೃಷ್ಣಮೂರ್ತಿಯವರ ಎದುರಿಗೆ ‘ಏಕೆ ಇದನ್ನೇ ಎಣಿಸುತ್ತೀರಿ?’ ಎಂದು ಕೇಳಬಲ್ಲ ಸಹಲೇಖಕರಿದ್ದರು. ಸಿದ್ಧ ಆದೇಶಪಾಠ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಅದನ್ನು ಸಂಶೋಧಕರು ತಮಗೆ ತಾವೇ ಕೇಳಿಕೊಳ್ಳಬೇಕು. ಉತ್ತರವನ್ನು ಪ್ರಬಂಧದ ವಿಧಾನಭಾಗದಲ್ಲಿ ಬರೆದಿಡಬೇಕು. ಎಣಿಕೆಯ ಏಕಮಾನ ಯಾವುದು, ಲಿಪ್ಯಂತರದ ನಿಯಮ ಯಾವುದು, ಶುಚೀಕರಣದಲ್ಲಿ ಏನನ್ನು ತೆಗೆಯಲಾಯಿತು ಎಂಬ ಮೂರು ಮಾತುಗಳಿಗೆ ಹತ್ತು ಸಾಲು ಸಾಕು. ಕೋಷ್ಟಕದಲ್ಲಿ ಕನ್ನಡ ಲಿಪಿಯ ಮೂಲರೂಪಕ್ಕೆಂದೇ ಒಂದು ಕಂಬಸಾಲನ್ನು ಬದಲಿಸದೆ ಉಳಿಸಿಕೊಂಡರೆ ಮುಂದಿನವರು ಎಣಿಕೆಯನ್ನು ಮೊದಲಿನಿಂದ ಪರೀಕ್ಷಿಸಬಹುದು.

ಈ ಪ್ರಶ್ನೆಗೆ ತುರ್ತೂ ಇದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ಮರಾಠಿ, ಉರ್ದುಗಳೊಂದಿಗೆ ದಿನನಿತ್ಯ ಬೆರೆಯುವ ಕನ್ನಡ ಅದರ ಸುತ್ತಲಿನ ಊರುಗಳಲ್ಲಿಯೇ ಇದೆ. 1968ರ ವರ್ಣನೆಗೂ ಇಂದಿನ ಮಾತಿಗೂ ನಡುವೆ ಎರಡು ತಲೆಮಾರುಗಳ ಅಂತರವಿದೆ. ಅಷ್ಟರಲ್ಲಿ ಏನು ಬದಲಾಗಿದೆ, ಎಷ್ಟು ಬದಲಾಗಿದೆ ಎಂಬುದನ್ನು ಅಳೆಯುವ ಸಾಧನಗಳು ಇಂದು ವಿದ್ಯಾರ್ಥಿಯ ಮಡಿಲಿನ ಗಣಕದಲ್ಲಿಯೇ ಇವೆ. ಅಳತೆಗೆ ಮೊದಲು ‘ಸರಸಂಬಾ’ದ ಕೊನೆಯ ದೀರ್ಘವು ಕೋಷ್ಟಕದಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳುವುದು ಭಾಷಾವಿಜ್ಞಾನಿಯ ಕೆಲಸ.